ಎರೆ ರಾಡಿ ಮೆತ್ತಿದ ಪುಟ್ಟ ಬಸ್ಸು

ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟ ಬಸ್ಸು ಬೇಸಿಗೆಯಲ್ಲಿ ಚೌಡಾಪುರ ಮುಟ್ಟುವ ಹೊತ್ತಿಗೆ ಅದರ ಬೆನ್ನು ನೋಡಬೇಕು. ಮುಂಭಾಗದ ಬಣ್ಣ ಇನ್ನೂ ಎದ್ದು ಕಾಣುತ್ತಿರುತ್ತದೆ. ಹಿಂದಿನ ಗಾಜು, ಏಣಿ, ನಂಬರ್ ಪ್ಲೇಟುಗಳ ಮೇಲೆ ಮಾತ್ರ ಧೂಳು ದಟ್ಟವಾಗಿ ಕೂತಿರುತ್ತದೆ. ಓಡುವ ಬಸ್ಸಿನ ಚಪ್ಪಟೆ ಬೆನ್ನಿನ ಹಿಂದೆ ಗಾಳಿಯ ಒತ್ತಡ ಕುಸಿದು, ಚಕ್ರ ಎಬ್ಬಿಸಿದ ಧೂಳು ಅಲ್ಲಿಗೇ ಸುಳಿದು ಬರುತ್ತದೆ.

ಸಾರಿಗೆ ಬಸ್ಸುಗಳ ಪುಟ್ಟ ಮಾದರಿ ಕಟ್ಟುವ ಹವ್ಯಾಸಿಗಳು ಕರ್ನಾಟಕದಲ್ಲಿದ್ದಾರೆ. ಸನ್‌ಬೋರ್ಡು, ಫೋಮ್ ಶೀಟುಗಳಲ್ಲಿ ಕಿಟಕಿಯ ಸರಳು, ಸೀಟಿನ ಹಿಡಿಕೆಯವರೆಗೆ ಅವರು ತೋರುವ ಶ್ರದ್ಧೆ ಬೆರಗು ಹುಟ್ಟಿಸುವಂಥದ್ದು. ಆ ಶ್ರದ್ಧೆ ಸಡಿಲಾಗುವುದು ಕೊನೆಯ ಹಂತದಲ್ಲಿ, ಹೊಸ ಬಸ್ಸಿಗೆ ಹಳೆತನ ಕೊಡುವ ‘ವೆದರಿಂಗ್’ನಲ್ಲಿ. ಮೈಯೆಲ್ಲ ಒಂದೇ ಸಮ ಕಂದು ಬಣ್ಣ ಬಳಿದರೆ ಬಸ್ಸು ಕೊಳೆಯಾದಂತೆ ಕಾಣುತ್ತದೆಯೇ ಹೊರತು ಯಾವುದೋ ದಾರಿಯಲ್ಲಿ ಓಡಿದಂತೆ ಕಾಣುವುದಿಲ್ಲ.

ಆ ಕಂದು ಬಳಿಯುವ ರೂಢಿ ಬಂದದ್ದು ಹೊರದೇಶಗಳಿಂದ. ಅಮೆರಿಕದ ಜಾನ್ ಅಲೆನ್ 1973ರಲ್ಲಿ ತೀರಿಕೊಳ್ಳುವವರೆಗೂ ಬೆಳೆಸಿದ ಮಾದರಿ ರೈಲುಮಾರ್ಗದಲ್ಲಿ ಮಸಿ, ತುಕ್ಕುಗಳಿಗೆ ದೊಡ್ಡ ಪಾತ್ರ ಕೊಟ್ಟಿದ್ದರು. ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡೆನ್ 1980ರ ದಶಕದಲ್ಲಿ ವಾಷ್ ಮತ್ತು ಡ್ರೈ ಬ್ರಷ್ ವಿಧಾನಗಳನ್ನು ಮನೆಮಾತಾಗಿಸಿದರು. ತೆಳು ಮಾಡಿದ ಕಪ್ಪು ಬಣ್ಣವನ್ನು ಸಂದುಗಳಿಗೆ ಹರಿಸುವುದು ವಾಷ್. ಬಹುಪಾಲು ಒರೆಸಿದ ಕುಂಚದಿಂದ ಉಬ್ಬುಗಳನ್ನಷ್ಟೇ ಸವರುವುದು ಡ್ರೈ ಬ್ರಷ್. ಯುರೋಪಿನ ಕೆಸರಲ್ಲಿ ಓಡಿದ ಉಕ್ಕಿನ ಯುದ್ಧ ಟ್ಯಾಂಕಿನ ಮಾದರಿಗೆ ಈ ವಿಧಾನಗಳು ಸೊಗಸಾಗಿ ಒಪ್ಪುತ್ತವೆ.

ಅಫಜಲಪುರದ ದಾರಿಯ ಬಸ್ಸಿಗೆ ಒಪ್ಪವು. ಇಲ್ಲಿನದು ಎರೆ ಭೂಮಿ. ಮಳೆಗಾಲದಲ್ಲಿ ರಾಡಿ ಕಪ್ಪಗೆ ಅಂಟಿ, ಒಣಗಿದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಹೆಂಟೆಯಾಗಿ ಉದುರುತ್ತದೆ. ಚಕ್ರದ ಹಿಂದಿನ ತಗಡಿನ ಮೇಲೆ ಅದರ ಸಿಡಿತ ದಟ್ಟ, ಕಿಟಕಿಯ ಹತ್ತಿರ ವಿರಳ. ಡೀಸೆಲ್ ಮುಚ್ಚಳದ ಕೆಳಗೆ ಎಣ್ಣೆಯ ಹೊಳಪಿನ ಕಪ್ಪು ಗೆರೆ; ಬಾಗಿಲ ಹಿಡಿಕೆಯಲ್ಲಿ ಕೈ ಸವೆಸಿ ಮೂಡಿಸಿದ ಮಿನುಗು.

ತುಕ್ಕಿನ ವಿಷಯದಲ್ಲಂತೂ ತಪ್ಪು ಎದ್ದು ಕಾಣುತ್ತದೆ. ಬಸ್ಸಿನ ಹೊರಮೈಗೆ ಸಾಮಾನ್ಯವಾಗಿ ಹೊದಿಸುವುದು ಅಲ್ಯೂಮಿನಿಯಂ ತಗಡು. ಬಣ್ಣ ಕಿತ್ತು ಹೋದಲ್ಲಿ ಬೆಳ್ಳಗಿನ ಲೋಹ ಕಾಣಬೇಕು, ಕೆಂಪು ತುಕ್ಕಲ್ಲ. ತುಕ್ಕಿಗೆ ಒಳಗಿನ ಕಬ್ಬಿಣದ ಚೌಕಟ್ಟಿನ ಅಂಚುಗಳಿವೆ. ಅಳತೆಯೂ ಮುಖ್ಯ: 11 ಮೀಟರ್ ಉದ್ದದ ಬಸ್ಸು 1:24ರ ಪ್ರಮಾಣದಲ್ಲಿ ಸುಮಾರು 46 ಸೆಂ.ಮೀ. ಆಗುತ್ತದೆ. ಅದರ ಮೇಲೆ 3 ಮಿ.ಮೀ. ಕೆತ್ತಿದರೆ ನಿಜದ ಬಸ್ಸಿನಲ್ಲಿ ಅದು ಏಳು ಸೆಂ.ಮೀ. ಮೀರಿದ ಗಾಯ.

ಬಣ್ಣವನ್ನು ಕಾಪಾಡುವ ವಾರ್ನಿಷ್ ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳು. ಹಗುರ ಮರದ ಗೊಂಬೆಗೆ ಅವರು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವೆಂಬ ಮುದ್ದೆ ಮೆತ್ತಿ, ಅರಿವೆ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟ ನಂತರವೇ ಬಣ್ಣಕ್ಕೆ ಕೈ ಹಾಕುತ್ತಾರೆ. ಅಲ್ಲಿ ಗೊಂಬೆಯ ಬಾಳಿಕೆ ತಳದಿಂದಲೇ ಶುರು. ಫೋಮ್ ಬಸ್ಸಿಗೂ ಈ ಮಾತು ಸಲ್ಲುತ್ತದೆ: ಥರ್ಮೋಕೋಲಿನಂಥ ಫೋಮನ್ನು ಸ್ಪ್ರೇ ಡಬ್ಬಿಯ ದ್ರಾವಕ ಕರಗಿಸಿಬಿಡುತ್ತದೆ, ಆದ್ದರಿಂದ ಮೊದಲು ನೀರಲ್ಲಿ ಬೆರೆಯುವ ಅಕ್ರಿಲಿಕ್ ಪದರ ಬೇಕು. ಅಕ್ಷರದ ಸ್ಟಿಕ್ಕರಿಗೂ ವಾಷಿಗೂ ಮುಂಚೆ ಹೊಳಪಿನ ವಾರ್ನಿಷ್, ಎಲ್ಲ ಮುಗಿದ ಮೇಲೆ ಮ್ಯಾಟ್. ಮಳೆಯ ತೇವದಲ್ಲಿ ಹೊಡೆದರೆ ಬಿಳಿ ಮಬ್ಬು ಕಟ್ಟುತ್ತದೆ. 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಹನಿ ಗಾಳಿಯಲ್ಲೇ ಒಣಗಿ ಮೈ ಒರಟಾಗುತ್ತದೆ.

ಒಣ ಬಣ್ಣದ ಪುಡಿಯಿಂದ ಮೂಡಿಸಿದ ಧೂಳಿನ ಮೇಲೆ ವಾರ್ನಿಷ್ ಬಿದ್ದರೆ ಪುಡಿ ನೆನೆದು ಕಪ್ಪಾಗುತ್ತದೆ, ಅರ್ಧ ಮಾಯವೂ ಆಗುತ್ತದೆ. ಗಾಜಿನ ಪೆಟ್ಟಿಗೆಯಲ್ಲೇ ಉಳಿಯುವ ಮಾದರಿಯಾದರೆ ಪುಡಿಯನ್ನು ಹಾಗೇ ಬಿಡುವುದು ಮೇಲು. ಮಕ್ಕಳ ಕೈಗೆ ಹೋಗುವ ಬಸ್ಸಾದರೆ ಬೇಕಾದುದಕ್ಕಿಂತ ಒಂದು ಛಾಯೆ ತಿಳಿಯಾದ ಪುಡಿಯನ್ನು ತುಸು ಹೆಚ್ಚೇ ಉದುರಿಸಿ, ಕಿಟಕಿ ಗಾಜುಗಳಿಗೆ ಟೇಪು ಅಂಟಿಸಿ, ದೂರದಿಂದ ವಾರ್ನಿಷನ್ನು ತೆಳುವಾಗಿ ಹೊಡೆಯಬೇಕು.