ಮಿನಿ ಕಂಪ್ಯೂಟರುಗಳ ನಿಯಂತ್ರಣಫಲಕ: ವರ್ಗೀಕರಣ ವಿಚಾರ

ಯಾವುದೇ ವಸ್ತುವನ್ನು ವಿಂಗಡಿಸುವುದಕ್ಕೆ ಮೊದಲು ಅದರ ಲಕ್ಷಣವನ್ನು ನಿರ್ಣಯಿಸಬೇಕು. ಆ ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಿಗೂ ಒಳಗಾಗಿರಬಾರದು. ಇದು ತರ್ಕಶಾಸ್ತ್ರಜ್ಞರ ಮತ. 1960ರ ಮತ್ತು 1970ರ ದಶಕಗಳಲ್ಲಿ ಅಮೆರಿಕದಲ್ಲಿ ನಿರ್ಮಿತವಾದ ಮಿನಿ ಕಂಪ್ಯೂಟರುಗಳ ನಿಯಂತ್ರಣಫಲಕಗಳನ್ನು ಈಗ ಸಂಗ್ರಾಹಕರು ವಿಂಗಡಿಸುತ್ತಿರುವರು. ಆ ವಿಂಗಡಣೆಯನ್ನು ಈ ನಿಕಷಕ್ಕೆ ಒಡ್ಡುವುದೇ ಪ್ರಕೃತ ಲೇಖನದ ಉದ್ದೇಶ.

ಸ್ವಿಚ್ಚುಗಳ ಸಾಲೂ ದೀಪಗಳ ಸಾಲೂ ಉಳ್ಳದ್ದೇ ನಿಯಂತ್ರಣಫಲಕ, ಉಳಿದುದು ಬರಿಯ ಮುಚ್ಚಳ ಎಂಬುದು ಪೂರ್ವಪಕ್ಷ. ಇದು ನಿರಾಧಾರವಾದುದಲ್ಲ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1965ರಲ್ಲಿ ಹೊರತಂದ ಪಿಡಿಪಿ-8ರಲ್ಲಿ ಪದವೊಂದಕ್ಕೆ 12 ದ್ವಿಮಾನಾಂಕಗಳು. ಅದಕ್ಕೆ ತಕ್ಕಂತೆ 12 ಸ್ವಿಚ್ಚುಗಳು. ಮೂರು ಮೂರನ್ನು ಕೂಡಿಸಿ ಓದಿದರೆ ಅಷ್ಟಮಾನ ಪದ್ಧತಿಯ ನಾಲ್ಕು ಅಂಕಗಳಾಗುವುವು. 1969ರ ನೋವಾ ಯಂತ್ರದಲ್ಲಿ ಇಂತಹ ಸ್ವಿಚ್ಚುಗಳು 16.

ಈ ಲಕ್ಷಣದಲ್ಲಿ ಅಸಂಭವವಿಲ್ಲ. ಮೊದಲಿನ ಎರಡು ದೋಷಗಳಾದರೋ ಸ್ಪಷ್ಟವಾಗಿವೆ. 1975ರ ಪಿಡಿಪಿ-11/03ರ ಮುಂಬದಿಯಲ್ಲಿ ಇರುವುದು ಮೂರೇ ಸ್ವಿಚ್ಚುಗಳು. ಯಂತ್ರವನ್ನು ನಿಲ್ಲಿಸಿದ ಬಳಿಕ ಟರ್ಮಿನಲ್‌ನಲ್ಲಿ ವಿಳಾಸವನ್ನು ಅಷ್ಟಮಾನದಲ್ಲಿ ಬರೆದು ಓರೆಗೆರೆಯನ್ನು ಒತ್ತಿದರೆ, ಆ ಸ್ಥಾನದಲ್ಲಿರುವ ಪದವು ತೋರುವುದು. 1976ರ ಪಿಡಿಪಿ-11/34ಕ್ಕೆ ಅಂಕಿಗಳ ಗುಂಡಿಗಳನ್ನೂ ಅಂಕಿಗಳನ್ನೇ ತೋರಿಸುವ ದೀಪಗಳನ್ನೂ ಉಳ್ಳ ಫಲಕವು ಲಭ್ಯವಿತ್ತು. ಇವೆರಡನ್ನೂ ಹೊರಗಿಡುವುದರಿಂದ ಅವ್ಯಾಪ್ತಿ. 1975ರ ಆಲ್ಟೇರ್ 8800 ಮಿನಿ ಕಂಪ್ಯೂಟರಲ್ಲ, ಮೈಕ್ರೋಕಂಪ್ಯೂಟರು. ಆದರೂ ಸ್ವಿಚ್ಚು ದೀಪಗಳ ಸಾಲುಗಳು ಅದರಲ್ಲಿರುವುದರಿಂದ ಅತಿವ್ಯಾಪ್ತಿ.

ಆದುದರಿಂದ ರೂಪವನ್ನು ಬಿಟ್ಟು ಕ್ರಿಯೆಯನ್ನು ಹಿಡಿಯಬೇಕು. ಯಂತ್ರವನ್ನು ನಿಲ್ಲಿಸುವುದು, ನಡೆಸುವುದು, ಹೆಜ್ಜೆಹೆಜ್ಜೆಯಾಗಿ ಸಾಗಿಸುವುದು, ಸ್ಮೃತಿಯಲ್ಲಿರುವುದನ್ನು ನೋಡುವುದು, ಅಲ್ಲಿ ಹೊಸದನ್ನು ಇಡುವುದು — ಈ ಕಾರ್ಯಗಳನ್ನು ಮನುಷ್ಯನು ಯಾವುದರಿಂದ ಮಾಡುವನೋ ಅದು ಕನ್ಸೋಲು. ಮಿನಿ ಕಂಪ್ಯೂಟರಿಗೆ ಅಂಗವಾಗಿರುವ ಕನ್ಸೋಲೇ ಇಲ್ಲಿ ಲಕ್ಷ್ಯವಾದುದರಿಂದ ಆಲ್ಟೇರಿಗೆ ಪ್ರಸಕ್ತಿಯಿಲ್ಲ. ಹೀಗೆ ಇಟ್ಟುಕೊಂಡರೆ ಮೂರು ವರ್ಗಗಳು ಸಿದ್ಧಿಸುವುವು. ದ್ವಿಮಾನಾಂಕಕ್ಕೊಂದು ಸ್ವಿಚ್ಚು ಉಳ್ಳದ್ದು ಮೊದಲನೆಯದು. ಅಷ್ಟಮಾನದ ಅಂಕಿಗಳಿಂದ ವ್ಯವಹರಿಸುವ ಗುಂಡಿಫಲಕವು ಎರಡನೆಯದು. ಟರ್ಮಿನಲ್‌ನಲ್ಲಿ ಬರೆದ ಆಜ್ಞೆಗಳಿಂದ ನಡೆಯುವುದು ಮೂರನೆಯದು. 1970ರ ಪಿಡಿಪಿ-8/ಇ ಯಂತ್ರದಲ್ಲಿ ತಿರುಗುಗುಂಡಿಯಿಂದ ಒಂದೇ ದೀಪಗಳ ಸಾಲಿನಲ್ಲಿ ಬೇರೆಬೇರೆ ರಿಜಿಸ್ಟರುಗಳನ್ನು ಕಾಣಬಹುದು. ಇದು ಮೊದಲನೆಯದರ ಉಪಭೇದ.

ಹಾಗಾದರೆ ರೂಪಕ್ಕೆ ಬೆಲೆಯೇ ಇಲ್ಲವೆ ಎಂದು ಆಕ್ಷೇಪಿಸಬಹುದು. ಹಾಗಲ್ಲ. ರೂಪವು ಕಾರಣವನ್ನು ಸೂಚಿಸುವುದು. ಮೊದಲಿನ ಯಂತ್ರಗಳಲ್ಲಿ ಇತರ ಕಾರ್ಯಕ್ರಮಗಳನ್ನು ಒಳತರುವ ಕಿರಿಯ ಕಾರ್ಯಕ್ರಮವನ್ನು ಕೈಯಿಂದಲೇ ಸ್ವಿಚ್ಚುಗಳ ಮೂಲಕ ಇಡಬೇಕಾಗಿತ್ತು. ಅದನ್ನು ಅಳಿಯದ ಸ್ಮೃತಿಯಲ್ಲಿ ಮೊದಲೇ ಸೇರಿಸಿಡುವ ಕ್ರಮವು ಬಂದ ಮೇಲೆ ಸಾಲುಸ್ವಿಚ್ಚುಗಳ ಆವಶ್ಯಕತೆ ಕುಗ್ಗಿತು. ಕಾರಣವು ಹೋದರೂ ಕ್ರಿಯೆಯು ಉಳಿದು, ಟರ್ಮಿನಲನ್ನು ಆಶ್ರಯಿಸಿತು.

ಇದು ಕೇವಲ ಶಬ್ದವಾದವಲ್ಲ. ಸಿಯಾಟಲ್ ನಗರದ ಲಿವಿಂಗ್ ಕಂಪ್ಯೂಟರ್ಸ್ ಸಂಗ್ರಹಾಲಯವು 2020ರಲ್ಲಿ ಮುಚ್ಚಿತು. ಅಲ್ಲಿಯ ಅನೇಕ ವಸ್ತುಗಳು 2024ರಲ್ಲಿ ಹರಾಜಾದುವು. ವಸ್ತುಗಳು ಚದುರಿದಾಗ ಅವುಗಳ ಸಂಬಂಧವನ್ನು ಉಳಿಸುವುದು ಸೂಚಿಪತ್ರವೊಂದೇ. 11/03ರ ಜೊತೆಗೆ ಅದರ ಟರ್ಮಿನಲನ್ನು ನಮೂದಿಸದ ಸೂಚಿಕಾರನು ಪೆಟ್ಟಿಗೆಯನ್ನು ಉಳಿಸಿ ಕನ್ಸೋಲನ್ನು ಕಳೆದುಕೊಳ್ಳುವನು. ಓಲೆಯ ಕಟ್ಟುಗಳನ್ನು ಮೇಲುಹಲಗೆಯ ಬಣ್ಣದಿಂದ ವಿಂಗಡಿಸಿದರೆ ಗ್ರಂಥಗಳಿಗೆ ಆಗುವ ಗತಿ ಏನೆಂಬುದನ್ನು ವಾಚಕಮಹಾಶಯರು ಬಲ್ಲರು.