ನೋಡುವ ರೈಲು, ಹತ್ತುವ ರೈಲು

ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯದ ಎರಡು ಕುಟೀರಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ನದಿಯ ಹೆಸರು ಸಂಗ್ರಹಾಲಯ ಸೇರಿತು. ಆ ಸೀಮೆಯ ಪಕ್ಕದ ರೈಲಿನ ಕಥೆ ಬೇರೆ.

ಬೆಳಗಾವಿಯಿಂದ ಖಾನಾಪುರ, ಲೋಂಡಾ, ನಾಗರಗಾಳಿ, ತಾವರಗಟ್ಟಿ ದಾಟಿದರೆ ಅಳ್ನಾವರ. ಅಲ್ಲಿಂದ ದಾಂಡೇಲಿ ಕಡೆಗೆ ಒಂದು ಕವಲುದಾರಿ. ಕಾಡಿನ ಕಟ್ಟಿಗೆ ಸಾಗಿಸಲು ಹಾಕಿದ ಹಳಿಯ ಮೇಲೆ ಜನರೂ ಓಡಾಡಿದರು. ವರ್ಷಗಟ್ಟಲೆ ನಿಂತಿದ್ದ ಪ್ರಯಾಣಿಕರ ರೈಲು 2019ರ ನವೆಂಬರಿನಲ್ಲಿ, ಬೆಳಗಾವಿ ಸಂಸದ ಸುರೇಶ ಅಂಗಡಿ ರೈಲ್ವೆ ರಾಜ್ಯ ಸಚಿವರಾಗಿದ್ದಾಗ, ಮತ್ತೆ ಹೊರಟಿತು. ಕೆಲವೇ ತಿಂಗಳಲ್ಲಿ ಲಾಕ್‌ಡೌನ್ ಬಂದು, ದೇಶದ ಉಳಿದ ರೈಲುಗಳಂತೆ ಅದೂ ನಿಂತಿತು. ಹುಬ್ಬಳ್ಳಿಯ ಸಂಗ್ರಹಾಲಯ ತೆರೆದದ್ದೂ ಅದೇ 2020ರಲ್ಲಿ.

ಸಂಗ್ರಹಾಲಯ ಬೇಡವೆಂದಲ್ಲ. ಹಳೆಯ ಲಾಟೀನು, ಸಿಗ್ನಲ್ಲುಗಳನ್ನು ಮಕ್ಕಳು ನೋಡಬೇಕು. ಆದರೆ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರು ಗಡಿಯಾರ ನೋಡಿ ಮನೆ ಬಿಡುತ್ತಿದ್ದ ನಂಬಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ನೀಲಗಿರಿ ರೈಲು ಇಂದಿಗೂ ಓಡುತ್ತದೆ, ನಿಜ. ಅದನ್ನು ತುಂಬುವವರು ಬಹುಪಾಲು ಪ್ರವಾಸಿಗರು. ನೋಡುವವರಿದ್ದಲ್ಲಿ ರೈಲು ಪರಂಪರೆಯಾಗುತ್ತದೆ. ಹತ್ತುವವರಷ್ಟೇ ಇದ್ದಲ್ಲಿ ಅದು ನಷ್ಟದ ಲೆಕ್ಕವಾಗುತ್ತದೆ.

ಈ ಭೇದವನ್ನು ನಮ್ಮ ಭಾಷೆ ಒಪ್ಪುವುದಿಲ್ಲ. ಒಂದರ ಹಿಂದೆ ಇನ್ನೊಂದು ಬರುವುದಕ್ಕೆ ಪರಂಪರೆ ಎನ್ನುತ್ತೇವೆ. ನಿಂತದ್ದನ್ನು ಜೋಪಾನ ಮಾಡುವುದು ನೆನಪು. ನಾಳೆ ಬೆಳಿಗ್ಗೆಯೂ ಸಣ್ಣ ನಿಲ್ದಾಣದಲ್ಲಿ ಟಿಕೆಟ್ ಸಿಕ್ಕರೆ ಅದು ಪರಂಪರೆ.