ಊರಿಲ್ಲದ ಸಿನಿಮಾ

ಬೆಳಗಾವಿಯಲ್ಲಿ ಮರಾಠಿ ಚಿತ್ರದ ರೀಮೇಕ್ ಮಾಡಿ ಗೆಲ್ಲುವುದು ಕಷ್ಟ. ಮಂಡ್ಯದಲ್ಲೋ ಚಾಮರಾಜನಗರದಲ್ಲೋ ‘ಮನಸು ಮಲ್ಲಿಗೆ’ ನೋಡಿದವರಿಗೆ ಅದು ಹೊಸ ಕಥೆ ಅನಿಸಿರಬಹುದು. ಅದು 2017ರ ಮಾರ್ಚ್ ಕೊನೆಗೆ ನಮ್ಮೂರಿಗೆ ಬರುವ ಹೊತ್ತಿಗೆ ಅದರ ಮೂಲವಾದ ನಾಗರಾಜ ಮಂಜುಳೆಯವರ ‘ಸೈರಾಟ್’ ಬಂದು ಹನ್ನೊಂದು ತಿಂಗಳಾಗಿತ್ತು. ಅಜಯ್-ಅತುಲ್ ಅವರ ಹಾಡುಗಳು ಗಣಪತಿ ಮೆರವಣಿಗೆಯಲ್ಲಿ ಸುತ್ತಾಡಿ, ಮದುವೆ ಬ್ಯಾಂಡಿನವರ ಕೈಗೆ ಸಿಕ್ಕು, ಮರಾಠಿಯ ಗಂಧಗಾಳಿ ಇಲ್ಲದವರಿಗೂ ಬಾಯಿಪಾಠವಾಗಿದ್ದವು. ಅವೇ ಧಾಟಿಗಳು ಕನ್ನಡದ ಮಾತು ಹೊತ್ತು ಮತ್ತೆ ಬಂದಾಗ ಥಿಯೇಟರಿನಲ್ಲಿ ಒಬ್ಬರೂ ಎದ್ದು ಕುಣಿಯಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಇದೇ ಜನ ಕುರ್ಚಿ ಮುರಿಯುವ ಹಾಗೆ ಕುಣಿದಿದ್ದರು.

ಬೆಳಗಾವಿಯ ಕ್ಯಾಂಪಿನಲ್ಲಿ ಸಿನಿಮಾ ನೋಡುತ್ತ ಬೆಳೆದವರ ಸ್ವಭಾವವೇ ಬೇರೆ. ಇದು ದಂಡಿನ ಪ್ರದೇಶ. ಬ್ರಿಟಿಷರು ಬಿಟ್ಟುಹೋದ ಹೆಂಚಿನ ಬಂಗಲೆ, ಚರ್ಚು, ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಳಗಿನ ಕವಾಯತಿನ ಸದ್ದು. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ದಖನಿ ಉರ್ದು ನಾಲ್ಕೂ ಓಡಾಡುತ್ತವೆ. ನಾವು ಬೆಳೆಯುವಾಗ ಗ್ಲೋಬ್ ಟಾಕೀಸಿನಲ್ಲಿ ಇಂಗ್ಲಿಷ್ ಚಿತ್ರ, ಊರೊಳಗೆ ಹೋದರೆ ಹಿಂದಿ, ಮರಾಠಿ, ಕನ್ನಡ ಇರುತ್ತಿದ್ದವು. ಹೀಗಾಗಿ ಇಲ್ಲಿಯ ಪ್ರೇಕ್ಷಕ ಯಾವ ಭಾಷೆಯ ಚಿತ್ರಕ್ಕೂ ಪೂರ್ತಿ ನಿಷ್ಠನಲ್ಲ. ಟಿಕೆಟ್ ತೆಗೆಸುವಾಗ ಭಾಷೆ ಕೇಳುವುದಿಲ್ಲ, ‘ಪಿಕ್ಚರ್ ಹೆಂಗೈತಿ’ ಅಂತಷ್ಟೇ ಕೇಳುತ್ತಾನೆ. ಇಂಥವನ ಮುಂದೆ ಕನ್ನಡ ಚಿತ್ರ ‘ನಮ್ಮ ಭಾಷೆಯದು, ಒಪ್ಪಿಕೊಳ್ಳಿ’ ಎಂದು ಬಂದು ನಿಂತರೆ ಆಗುವುದಿಲ್ಲ. ಪಕ್ಕದ ಪರದೆಯ ಮೇಲೆ ಮರಾಠಿ ಚಿತ್ರ ಓಡುತ್ತಿರುತ್ತದೆ.

‘ಸೈರಾಟ್’ ನನಗೆ ಇಷ್ಟವಾದದ್ದು ಪ್ರೇಮಕಥೆಗಾಗಿ ಅಲ್ಲ. ಆ ಕಥೆ ಹಳೆಯದು. ಮೇಲ್ಜಾತಿಯ ಪಾಟೀಲರ ಮಗಳು, ಮೀನುಗಾರರ ಮನೆಯ ಹುಡುಗ, ಓಡಿಹೋಗುವುದು, ಹಿಂದೆ ಬರುವ ಕತ್ತಿ. ಸೋಲಾಪುರ ಜಿಲ್ಲೆಯ ಕರ್ಮಾಳಾ ಎಂಬ ತಾಲೂಕು ಆ ಚಿತ್ರದ ನಿಜವಾದ ನಾಯಕ. ಹುಡುಗರು ಈಜು ಹೊಡೆಯುವ ಆ ದೊಡ್ಡ ಬಾವಿ, ಕಬ್ಬಿನ ಗದ್ದೆ, ಧೂಳೆದ್ದ ಕ್ರಿಕೆಟ್ ಮೈದಾನ, ಟ್ರ್ಯಾಕ್ಟರ್ ಓಡಿಸಿಕೊಂಡು ಹುಡುಗನ ಮನೆಮುಂದೆ ಬಂದು ನಿಲ್ಲುವ ಆರ್ಚಿ. ಮಂಜುಳೆ ಆ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಯಾವ ಬಾವಿಗೆ ಯಾರು ಇಳಿಯಬಹುದು, ಯಾರು ಇಳಿಯಬಾರದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲರ್ಧದ ಹಾಡು ಕುಣಿತವೆಲ್ಲ ನಮ್ಮನ್ನು ಆ ಊರಿನವರನ್ನಾಗಿ ಮಾಡುವುದಕ್ಕೇ ಇದೆ. ಇಬ್ಬರೂ ಹೈದರಾಬಾದಿನ ಕೊಳೆಗೇರಿ ಸೇರಿದ ಮೇಲೆ ಹಾಡು ನಿಲ್ಲುತ್ತದೆ. ಕೊನೆಗೆ ತವರಿನವರು ಉಡುಗೊರೆ ಹಿಡಿದು ಬರುತ್ತಾರೆ, ಚಹಾ ಕುಡಿಯುತ್ತಾರೆ. ಪಕ್ಕದ ಮನೆಯಿಂದ ಮಗು ಹಿಂತಿರುಗುವಾಗ ಇಡೀ ಚಿತ್ರದ ಸದ್ದು ಅಡಗಿಹೋಗಿರುತ್ತದೆ. ಮಗುವಿನ ಕೆಂಪು ಹೆಜ್ಜೆಗಳು ಬಾಗಿಲಿನಿಂದಾಚೆ ಹೋಗುತ್ತವೆ, ಹಿನ್ನೆಲೆಯಲ್ಲಿ ಒಂದು ಸ್ವರವೂ ಇಲ್ಲ. ಅಷ್ಟು ಹೊತ್ತು ಸಂಗೀತದಿಂದಲೇ ಹೊಟ್ಟೆ ತುಂಬಿಸಿದ ನಿರ್ದೇಶಕ ಅದನ್ನು ಕಿತ್ತುಕೊಂಡ ರೀತಿಗೆ ಆವತ್ತು ಥಿಯೇಟರಿನಲ್ಲಿ ಸೀಟಿ ಹೊಡೆಯುತ್ತಿದ್ದವರು ಚಪ್ಪಲಿ ಹುಡುಕುವುದನ್ನೂ ಮರೆತು ಕೂತಿದ್ದರು.

ಎಸ್. ನಾರಾಯಣ್ ಅವರ ಕನ್ನಡ ಆವೃತ್ತಿಯಲ್ಲಿ ಇದೆಲ್ಲ ಇದೆ. ಧಾಟಿ ಅದೇ, ಅಂತ್ಯ ಅದೇ, ನಾಯಕಿಯೂ ಅದೇ ರಿಂಕು ರಾಜಗುರು. ನಾಯಕಿಯನ್ನು ಕರೆತಂದವರು ಅವಳ ಊರನ್ನು ಅಲ್ಲೇ ಬಿಟ್ಟು ಬಂದರು. ಕಥೆ ಕರ್ನಾಟಕದ ಯಾವ ತಾಲೂಕಿನಲ್ಲಿ ನಡೆಯುತ್ತಿದೆ, ಹುಡುಗಿಯ ಅಪ್ಪನಿಗೆ ಆ ದರ್ಪ ಯಾವ ಜಮೀನಿನಿಂದ, ಯಾವ ಜಾತಿಯಿಂದ, ಯಾವ ಚುನಾವಣೆಯಿಂದ ಬಂತು ಎಂಬುದು ಮನಸ್ಸಿಗೆ ನಾಟುವುದಿಲ್ಲ. ಜಾತಿ ಎನ್ನುವುದು ನಮ್ಮಲ್ಲಿ ಊರೂರಿಗೂ ಬೇರೆ ಲೆಕ್ಕ. ಕರ್ಮಾಳಾದ ಲೆಕ್ಕವನ್ನು ನಕಲು ಮಾಡಿದರೆ ಉತ್ತರ ತಾಳೆಯಾಗುವುದಿಲ್ಲ. ಈ ನಕಲಿನ ಅಭ್ಯಾಸಕ್ಕೆ ಒಂದು ಹಿನ್ನೆಲೆಯಿದೆ. ಕನ್ನಡದಲ್ಲಿ ಡಬ್ಬಿಂಗಿಗೆ ಹಲವು ದಶಕ ಅಘೋಷಿತ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪೆಂದು ಆದೇಶ ಮಾಡುವವರೆಗೆ ಪರಭಾಷೆಯ ಗೆದ್ದ ಕಥೆ ಕನ್ನಡಕ್ಕೆ ಬರಬೇಕಾದರೆ ರೀಮೇಕೇ ದಾರಿ. ಕನ್ನಡದ ದುಡಿಮೆಗಾರರ ಹೊಟ್ಟೆಪಾಡಿನ ದೃಷ್ಟಿಯಿಂದ ಆ ತಡೆಗೆ ಅರ್ಥವಿತ್ತು, ಒಪ್ಪುತ್ತೇನೆ. ಆದರೆ ಅದರ ನೆರಳಿನಲ್ಲಿ ಕಥೆಯನ್ನು ಊರಿನಿಂದ ಬಿಡಿಸಿಕೊಂಡು ಎಲ್ಲಿ ಬೇಕಾದರೂ ನೆಡಬಹುದು ಎಂಬ ರೂಢಿ ಬೆಳೆಯಿತು. ಸ್ವಂತ ಕಥೆ ಮಾಡುವಾಗಲೂ ಅದು ಬಿಡಲಿಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ನಮ್ಮ ಜಿಲ್ಲೆಯ ಕಥೆಯನ್ನೇ ಹೇಳಿದ ಚಿತ್ರಗಳನ್ನು ನೋಡಬೇಕು.

ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರದ್ದು. ಚೆನ್ನಮ್ಮ ಹುಟ್ಟಿದ ಕಾಕತಿ ಬೆಳಗಾವಿಯ ಮಗ್ಗುಲಲ್ಲೇ ಇದೆ. ಚಿತ್ರದ ಕಿತ್ತೂರು ಮಾತ್ರ ಮದ್ರಾಸಿನ ಸ್ಟುಡಿಯೋದಲ್ಲಿದೆ. ಬಿ. ಸರೋಜಾದೇವಿ ಚೆನ್ನಮ್ಮ, ರಾಜ್‌ಕುಮಾರ್ ಮಲ್ಲಸರ್ಜ, ಸಂಭಾಷಣೆ ಜಿ.ವಿ. ಅಯ್ಯರ್ ಅವರದ್ದು. ಕಪ್ಪ ಕೇಳಲು ಬಂದ ಇಂಗ್ಲಿಷ್ ಅಧಿಕಾರಿಗೆ ರಾಣಿ ಉತ್ತರ ಕೊಡುವ ದೃಶ್ಯವನ್ನು ಶಾಲೆಯ ಗ್ಯಾದರಿಂಗಿನಲ್ಲಿ ಅಭಿನಯಿಸದ ಹುಡುಗಿಯರು ನಮ್ಮ ಕಡೆ ಕಡಿಮೆ. ಪಂತುಲು ಎರಡು ವರ್ಷ ಮೊದಲು ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ತೆಗೆದಿದ್ದರು. ಶಿವಾಜಿ ಗಣೇಶನ್ ಅಲ್ಲಿ ತೆರಿಗೆಯ ಬಗ್ಗೆ ಗುಡುಗುವ ಮಾತನ್ನೂ ಸರೋಜಾದೇವಿಯ ಈ ಮಾತನ್ನೂ ಒಟ್ಟಿಗೆ ನೋಡಿದರೆ ಎರಡೂ ಒಂದೇ ಅಚ್ಚಿನವು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅಂದರೆ ನಮ್ಮ ರಾಣಿಯ ಅತಿ ಪ್ರಸಿದ್ಧ ಸಿಟ್ಟಿನ ಧಾಟಿ ತಿರುನೆಲ್ವೇಲಿ ಕಡೆಯಿಂದ ಬಂದದ್ದು.

ಆದರೂ ಈ ಚಿತ್ರ ನನಗೆ ಇಂದಿಗೂ ಬೇಸರ ತರಿಸಿಲ್ಲ. ಇದರಲ್ಲಿ ಪಕ್ಷಪಾತ ಇದ್ದೀತು. ಆದರೆ ಅಯ್ಯರ್ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಆ ಮಾತಿಗೆ ಕಂಪನಿ ನಾಟಕದ ರಂಗಸ್ಥಳವೇ ಊರು. ಪಾತ್ರ ಮಾತಾಡುವಾಗ ಕ್ಯಾಮರಾ ಕೈಕಟ್ಟಿ ನಿಂತು ಕೇಳುತ್ತದೆ, ವಾಕ್ಯ ಮುಗಿಯುವ ಮೊದಲೇ ಕತ್ತರಿ ಬೀಳುವುದಿಲ್ಲ. ಕಂಪನಿ ನಾಟಕಕ್ಕೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ, ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಬೆಳಗಿನವರೆಗೆ ಕೂತು ನೋಡುತ್ತಿದ್ದ ನಮ್ಮ ಜನಕ್ಕೆ ಆ ಶಿಸ್ತು ಪರಿಚಿತ. ಕಿತ್ತೂರಿನ ಮಣ್ಣು ಅದರಲ್ಲಿಲ್ಲ, ಆದರೆ ಸುಳ್ಳು ಮಣ್ಣನ್ನೂ ಅದು ಮೈಗೆ ಬಳಿದುಕೊಂಡಿಲ್ಲ.

2012ರ ನವೆಂಬರ್ 1ರಂದು ಬಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ನ ಬಗ್ಗೆ ಇಷ್ಟು ಉದಾರವಾಗಿರುವುದು ನನ್ನಿಂದಾಗದು. ನಿರ್ಮಾಪಕರು ನಮ್ಮ ಜಿಲ್ಲೆಯವರೇ ಆದ ಆನಂದ ಅಪ್ಪುಗೋಳ, ನಿರ್ದೇಶಕ ನಾಗಣ್ಣ, ರಾಯಣ್ಣನಾಗಿ ದರ್ಶನ್, ಚೆನ್ನಮ್ಮನಾಗಿ ಜಯಪ್ರದಾ. ದುಡ್ಡು ಧಾರಾಳವಾಗಿ ಸುರಿದಿದ್ದಾರೆ. ಕುದುರೆ, ಕತ್ತಿ, ತೋಪು, ಸಾವಿರಾರು ಜನ. ದರ್ಶನ್ ಕುದುರೆಯ ಮೇಲೆ ಕೂತರೆ ಕಣ್ಣು ತುಂಬುತ್ತದೆ, ಅದನ್ನು ಅಲ್ಲಗಳೆಯಲಾರೆ. ತೊಂದರೆ ಇರುವುದು ರಾಯಣ್ಣನ ಯುದ್ಧದ ಸ್ವರೂಪದಲ್ಲಿ. ಕಿತ್ತೂರು ಬಿದ್ದ ಮೇಲೆ ಅವನು ಮಾಡಿದ್ದು ಬಯಲಿನ ಕಾಳಗವಲ್ಲ. ಜಮೀನು ಕಳೆದುಕೊಂಡ ರೈತರನ್ನೂ ಕೆಲಸ ಕಳೆದುಕೊಂಡ ಸೈನಿಕರನ್ನೂ ಕಟ್ಟಿಕೊಂಡು, ರಾತ್ರಿ ಬಂದು ಬೀಡಿ, ಖಾನಾಪುರದಂಥ ಠಾಣೆಗಳ ಕಚೇರಿಗೆ ಬೆಂಕಿಯಿಟ್ಟು, ಬೆಳಗಾಗುವುದರೊಳಗೆ ಕಾಡು ಸೇರುವ ಹೋರಾಟ ಅದು. ಖಾನಾಪುರ ತಾಲೂಕಿನ ಆ ದಟ್ಟ ಕಾಡಿಲ್ಲದಿದ್ದರೆ ರಾಯಣ್ಣ ಅಷ್ಟು ದಿನ ಬದುಕುತ್ತಲೇ ಇರಲಿಲ್ಲ. ಸುಟ್ಟದ್ದು ಮುಖ್ಯವಾಗಿ ಕಾಗದ: ಯಾರ ಹೊಲ ಯಾರದ್ದಾಯಿತು ಎಂದು ಬರೆದಿಟ್ಟ ದಫ್ತರ.

ಇಂಥ ಯುದ್ಧ ಸಿನಿಮಾಕ್ಕೆ ಹೇಳಿ ಮಾಡಿಸಿದ್ದು. ಕತ್ತಲೆ, ಮಳೆ, ಎಲೆಯ ಸದ್ದು, ಹಸಿವು, ಬೆಲೆ ತೆತ್ತಾದರೂ ಅನ್ನ ಕೊಡುವ ಹಳ್ಳಿ, ಬೆಲೆ ಪಡೆದು ಹಿಡಿದುಕೊಡುವ ಹಳ್ಳಿ. ಆದರೆ ಸ್ಟಾರ್ ಕತ್ತಲೆಯಲ್ಲಿ ಅಡಗಿ ಕೂರುವ ಹಾಗಿಲ್ಲವಲ್ಲ! ಅವನು ಬೆಳಕಿನಲ್ಲಿ, ನಿಧಾನಗತಿಯಲ್ಲಿ, ಎದುರಿಗೆ ಬರಲೇಬೇಕು. ಹೀಗಾಗಿ ಕಾಡು ಹಿನ್ನೆಲೆಯ ಪರದೆಯಾಗಿ ಹಿಂದೆ ಸರಿಯಿತು. ದಫ್ತರ ಸುಡುವವನ ಸಿಟ್ಟಿಗಿಂತ ಖಡ್ಗ ಬೀಸುವವನ ತೋಳು ದೊಡ್ಡದಾಯಿತು.

ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು, ಖಾನಾಪುರ ತಾಲೂಕಿನ ನಂದಗಡದಲ್ಲಿ. ಅಲ್ಲಿ ಅವನ ಸಮಾಧಿಯ ಮೇಲೆ ಒಂದು ದೊಡ್ಡ ಆಲದ ಮರವಿದೆ. ಜೊತೆಗಾರ ಬಿಚ್ಚುಗತ್ತಿ ಚೆನ್ನಬಸಪ್ಪ ನೆಟ್ಟ ಸಸಿ ಎಂದು ಜನ ಹೇಳುತ್ತಾರೆ. ಮಕ್ಕಳಾಗದವರು ಬಂದು ತೊಟ್ಟಿಲು ಕಟ್ಟುತ್ತಾರೆ. ಗಲ್ಲಿಗೇರಿದವನು ಸಂತಾನ ಕೊಡುವ ದೇವರಾಗಿದ್ದಾನೆ. ಚಿತ್ರ ನೋಡಿದ ಮೇಲೆ ನಾನು ಅಲ್ಲಿಗೆ ಹೋದೆ. ಮುದುಕಿಯೊಬ್ಬಳು ಸೊಸೆಯ ಕೈಯಿಂದ ಪುಟ್ಟ ಮರದ ತೊಟ್ಟಿಲು ಕಟ್ಟಿಸುತ್ತಿದ್ದಳು. ದಾರ ಚಿಕ್ಕದಾಗಿ ಗಂಟು ಬೀಳದೆ ಅತ್ತೆ ಬೈಯುತ್ತಿದ್ದಳು, ಸೊಸೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಕೋಟಿಗಟ್ಟಲೆ ಸುರಿದ ಚಿತ್ರದಲ್ಲಿ ರಾಯಣ್ಣನೊಂದಿಗೆ ಇಷ್ಟು ಸಲಿಗೆಯಿಂದಿರುವ ಒಬ್ಬರೂ ನನಗೆ ಸಿಗಲಿಲ್ಲ. ಎಲ್ಲರೂ ಅವನಿಗೆ ಜಯಕಾರ ಹಾಕುವವರೇ.

ಹಾಗಾದರೆ ನಮ್ಮ ಸೀಮೆಯನ್ನು ಪರದೆಯ ಮೇಲೆ ಯಾರೂ ತರಲೇ ಇಲ್ಲವೆ? ತಂದಿದ್ದಾರೆ, ಆದರೆ ಪುರಾಣದ, ಜಾನಪದದ ಬಾಗಿಲಿನಿಂದ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ತಾವೇ ‘ಕಾಡು ಕುದುರೆ’ ನಿರ್ದೇಶಿಸಿದರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಾಡು ಉಳಿಯಿತು, ಚಿತ್ರವನ್ನು ಜನ ಮರೆತರು. ಟಿ.ಎಸ್. ನಾಗಾಭರಣರ ‘ನಾಗಮಂಡಲ’ (1997) ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನದು. ಗಿರೀಶ ಕಾರ್ನಾಡರ ನಾಟಕ, ಗೋಪಾಲ ಯಾಜ್ಞಿಕರ ಹಾಡು, ಸಿ. ಅಶ್ವತ್ಥರ ಸಂಗೀತ. ಗಂಡನ ರೂಪದಲ್ಲಿ ರಾತ್ರಿ ಬರುವ ನಾಗ, ಹಗಲು ಬಂದು ಬೀಗ ಹಾಕಿ ಹೋಗುವ ಗಂಡ, ಎರಡೂ ಪ್ರಕಾಶ್ ರೈ. ಒಂದೇ ಮುಖ, ಆದರೆ ‘ರಾಣಿ’ ಎಂದು ಕರೆಯುವ ದನಿ ಬೇರೆ. ಗಂಡನ ಮಾತು ಗೊರಗೊರ, ನಾಗನದ್ದು ಮೆಲ್ಲಗೆ. ನಮ್ಮ ಕಡೆಯ ಮಾತಿನಲ್ಲಿ ಬೆಂಗಳೂರು ಕಡೆಯ ನಾಲಿಗೆ ಅಲ್ಲಲ್ಲಿ ಎಡವುವುದು ಕಿವಿಗೆ ಬೀಳುತ್ತದೆ, ಆದರೂ ಆ ಮಾತು ಪಾತ್ರದ ಒಳಗಿನಿಂದ ಬರುತ್ತದೆ. ಅದನ್ನು ನಗಿಸುವುದಕ್ಕೆ ಬಳಸಿಲ್ಲ. ಅಲ್ಲಿಯವರೆಗೆ ಕನ್ನಡ ಚಿತ್ರದಲ್ಲಿ ನಮ್ಮ ಕಡೆಯ ಮಾತು ಕೇಳಿದರೆ ಮುಂದೆ ಬರುವವನು ಒಂದೋ ಹಾಸ್ಯಗಾರ, ಇಲ್ಲವೇ ಮೀಸೆ ತಿರುವುವ ಗೌಡ ಎಂದು ಹೆಚ್ಚುಕಡಿಮೆ ಗೊತ್ತಾಗಿಬಿಡುತ್ತಿತ್ತು.

ಈಗ ಆ ಮಾತಿಗೆ ಮಾರುಕಟ್ಟೆ ಬಂದಿದೆ. 2024ರ ‘ಕರಟಕ ದಮನಕ’ದಲ್ಲಿ ಶಿವರಾಜ್‌ಕುಮಾರ್, ಪ್ರಭುದೇವ ಉತ್ತರ ಕರ್ನಾಟಕದ ನೀರಿಲ್ಲದ ಹಳ್ಳಿಗೆ ಬರುತ್ತಾರೆ, ಹಾಡು ಎಲ್ಲೆಡೆ ಕುಣಿಸುತ್ತದೆ. ಯೋಗರಾಜ್ ಭಟ್ಟರಿಗೆ ನಮ್ಮ ಮಾತಿನ ಕಸುವು ಗೊತ್ತು. ಆದರೆ ಹಾಡಿನಾಚೆ ಆ ಹಳ್ಳಿ ನನಗೆ ನೆನಪಿನಲ್ಲಿ ಉಳಿದಿಲ್ಲ. ಬರ ಎಂಬುದು ಅಲ್ಲಿ ನಾಯಕರಿಗೆ ಒಳ್ಳೆಯವರಾಗಲು ಸಿಕ್ಕ ಅವಕಾಶ, ಅಷ್ಟೇ.

ಅದೇ ವರ್ಷ ತೆರೆಗೆ ಬಂದ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಬೇರೆ ಜಾತಿಯದು. ರಿಷಬ್ ಶೆಟ್ಟಿ ನಿರ್ಮಾಣದ ಈ ಚಿತ್ರಕ್ಕೆ 2022ರಲ್ಲೇ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತ್ತು. ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಅವಳು ಸಾಲ ಮಾಡಿ ಒಂದು ಶಕ್ತಿಪಾನೀಯದ ಪುಡಿ ಮಾರುವ ಸರಪಳಿ ವ್ಯಾಪಾರಕ್ಕೆ ಇಳಿಯುತ್ತಾಳೆ. ಶರಣಮ್ಮ ಚೆಟ್ಟಿ ಎಂಬ ಆ ಊರ ಕಡೆಯ ಹೆಂಗಸೇ ಶಿವಮ್ಮ. ಡಬ್ಬಿ ಹಿಡಿದು ಅವಳು ಓಣಿಯಲ್ಲಿ ಬರುವುದನ್ನು ಕಂಡು ಜನ ಒಳಗೆ ಸರಿಯುವ ರೀತಿ, ಬಂದವಳನ್ನು ಕೂಡಿಸಿ ಚಹಾ ಕೊಟ್ಟು ಪುಡಿ ಮಾತ್ರ ಬೇಡವೆನ್ನುವ ದಾಕ್ಷಿಣ್ಯ, ಸಾಲ ಕೊಟ್ಟವರ ದನಿ ದಿನದಿಂದ ದಿನಕ್ಕೆ ಗಡಸಾಗುವುದು: ಇದು ನಾವು ದಿನಾ ನೋಡುವ ಊರು. ಇಲ್ಲಿ ದಬ್ಬಾಳಿಕೆಯ ಗೌಡನೂ ಇಲ್ಲ, ಉದ್ಧಾರಕ್ಕೆ ಬರುವ ನಾಯಕನೂ ಇಲ್ಲ. ಶಿವಮ್ಮನ ಹಟ ಮೆಚ್ಚುವಂಥದ್ದೂ ಹೌದು, ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳಬೇಕು ಅನಿಸುವುದೂ ಹೌದು. ಚಿತ್ರ ಎರಡರಲ್ಲಿ ಒಂದನ್ನು ಆರಿಸು ಎಂದು ನಮ್ಮನ್ನು ಒತ್ತಾಯಿಸುವುದಿಲ್ಲ. ನಡುವೆ ಸ್ವಲ್ಪ ಹೊತ್ತು ಕಥೆ ನಿಂತಲ್ಲೇ ಸುತ್ತುತ್ತದೆ ಎಂಬ ದೂರು ನನ್ನದೂ ಇದೆ. ಹಿಟ್ಟು ಹೆಚ್ಚು ನಾದಿದ ಹಾಗೆ ಕೆಲವು ಸಂಭಾಷಣೆಗಳು ಬಿಗಿ ಕಳೆದುಕೊಂಡಿವೆ. ಆದರೂ ನಾನು ಇತ್ತೀಚೆಗೆ ನೋಡಿದ ಕನ್ನಡ ಚಿತ್ರಗಳಲ್ಲಿ ಎರಡನೇ ಸಲ ನೋಡಿದ್ದು ಇದೊಂದನ್ನೇ.

ಸಿನಿಮಾ ಹಂಚಿಕೆಯ ವ್ಯವಹಾರ ಬಲ್ಲ ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದೆ. ಊರು, ಮಾತು ಎಂದು ಇಷ್ಟು ಹಟ ಹಿಡಿದರೆ ಚಿತ್ರ ತುಮಕೂರು ದಾಟುವುದಿಲ್ಲ, ಎಲ್ಲರಿಗೂ ತಿಳಿಯುವ ಹಾಗೆ ಮಾಡಬೇಕು ಎಂದು ಅವನ ವಾದ. ಲೆಕ್ಕದ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಯಿತು. ‘ಸೈರಾಟ್’ನಲ್ಲಿ ಕರ್ಮಾಳಾದ ಹುಡುಗರು ಆಡುವ ಮರಾಠಿ ಪುಣೆಯ ಸದಾಶಿವ ಪೇಠೆಯ ಮರಾಠಿಯಲ್ಲ. ಮುಖ್ಯ ಪಾತ್ರಗಳಲ್ಲಿದ್ದ ಹುಡುಗ ಹುಡುಗಿ ಇಬ್ಬರ ಮುಖವನ್ನೂ ಅದಕ್ಕೆ ಮೊದಲು ಯಾರೂ ಪರದೆಯ ಮೇಲೆ ಕಂಡಿರಲಿಲ್ಲ. ಮರಾಠಿಯಲ್ಲಿ ಅಲ್ಲಿಯವರೆಗಿನ ಎಲ್ಲ ಚಿತ್ರಗಳಿಗಿಂತ ಹೆಚ್ಚು ಗಳಿಸಿದ್ದು ಆ ಚಿತ್ರವೇ. ಅದೇ ಕಥೆಯ ಊರು ತೆಗೆದು ಎಲ್ಲರಿಗೂ ತಿಳಿಯುವ ಹಾಗೆ ಮಾಡಿದ್ದು ಕನ್ನಡದಲ್ಲಿ. ಅದಕ್ಕೆ ನಮ್ಮೂರಿನಲ್ಲಿ ಸಿಕ್ಕ ಮರ್ಯಾದೆಯನ್ನು ಮೊದಲೇ ಹೇಳಿದ್ದೇನೆ. ಗೆಳೆಯ ಒಪ್ಪಲಿಲ್ಲ, ಅದು ಒಂದು ಸಲ ನಡೆದ ಪವಾಡ, ಪವಾಡ ನಂಬಿ ಯಾರೂ ದುಡ್ಡು ಹಾಕುವುದಿಲ್ಲ ಎಂದ. ಹಾಗಾದರೆ ‘ಕಾಂತಾರ’ ಏನು ಎಂದು ಕೇಳಿದೆ. ‘ಅದು ಎರಡನೇ ಪವಾಡ’ ಎಂದು ಚಹಾದ ದುಡ್ಡು ಕೊಟ್ಟ.